ಪೊಲೀಸರಿಗೆ ಮಾತ್ರ ತೆರೆಯುವ ಬಾಗಿಲು ಇದೆಯೇ?

2025ರ ಏಪ್ರಿಲ್ ಕೊನೆಯಲ್ಲಿ ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಮೇ ಒಂದರಂದು ಬಜ್ಪೆಯಲ್ಲಿ ಇನ್ನೊಂದು ಕೊಲೆ. ಆ ತಿಂಗಳು ಮುಗಿಯುವ ಮೊದಲೇ ಬಂಟ್ವಾಳ ತಾಲ್ಲೂಕಿನಲ್ಲಿ ಮತ್ತೊಂದು. ಕತ್ತಲಾಗುವ ಮೊದಲೇ ಜನ ಮನೆ ಸೇರಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ಹಂಪನಕಟ್ಟೆಯ ಹೋಟೆಲೊಂದರಲ್ಲಿ ನನ್ನೆದುರು ಕುಳಿತಿದ್ದ ನಿವೃತ್ತ ಮಾಸ್ತರರೊಬ್ಬರು ತಮ್ಮ ಮೊಬೈಲನ್ನು ಮೇಜಿನ ಮೇಲೆ ಕವುಚಿ ಹಾಕಿದರು. "ಇದರೊಳಗೆ ಯಾರು ಯಾರಿಗೆ ಏನು ಬರೆಯುತ್ತಾರೆಂದು ಪೊಲೀಸರಿಗೆ ಕಾಣುವ ಹಾಗಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಮಾರಾಯರೆ? ನಮ್ಮ ಗುಟ್ಟು ಯಾರಿಗೆ ಬೇಕಾಗಿದೆ! ನೋಡಲಿ ಬಿಡಿ" ಎಂದರು.

ಅಂದು ನಾನು ಉತ್ತರ ಹೇಳಲಿಲ್ಲ. ಹೆಣಗಳ ಲೆಕ್ಕ ನಡೆಯುತ್ತಿರುವಾಗ ಖಾಸಗಿತನದ ಮಾತು ಆಡಲು ನಾಲಗೆ ಏಳಲಿಲ್ಲ. ಆದರೆ ಅವರ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಏಕೆಂದರೆ ಅದು ಅವರೊಬ್ಬರ ಪ್ರಶ್ನೆಯಾಗಿ ಉಳಿದಿಲ್ಲ. ದೆಹಲಿ ಹೈಕೋರ್ಟಿನಲ್ಲಿ ಕೇಂದ್ರ ಸರ್ಕಾರ ಮತ್ತು ವಾಟ್ಸ್‌ಆ್ಯಪ್ ನಡುವೆ ನಡೆದಿರುವ ವ್ಯಾಜ್ಯದ ತಿರುಳೂ ಇದೇ. ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕ, ಯುರೋಪ್ ಎಲ್ಲವೂ ಇದೇ ಗಂಟನ್ನು ಬಿಡಿಸಲು ಹೋಗಿ ಕೈಸೋತಿವೆ. ಮಾಸ್ತರರ ಸಿಟ್ಟು ನ್ಯಾಯವಾದದ್ದು. ಅವರು ಕೇಳಿದ ಪರಿಹಾರ ಮಾತ್ರ ನಮ್ಮನ್ನು ಇನ್ನಷ್ಟು ಅಪಾಯಕ್ಕೆ ತಳ್ಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ಹೇಳುವುದಕ್ಕೆ ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ನನ್ನ ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಉಡುಪಿಯ ಬಳಿಯ ನಮ್ಮ ಮನೆಯಿಂದ ಅಮ್ಮ ತಿಂಗಳಿಗೆರಡು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. ಅದರ ಅಂಚಿಗೆ ಹಚ್ಚಿ ಬಂದಿರುತ್ತಿದ್ದ ಅಂಟಿನ ಮೇಲೆ ಆಕೆಗೆ ನಂಬಿಕೆಯಿರಲಿಲ್ಲ. ಕುಚ್ಚಲಕ್ಕಿಯ ನಾಲ್ಕು ಅಗುಳನ್ನು ಹೆಬ್ಬೆರಳಿನಿಂದ ಅರೆದು ಮೂರೂ ಅಂಚಿಗೆ ಬಳಿದು, ಒಣಗುವವರೆಗೆ ಅದರ ಮೇಲೆ ಪಂಚಾಂಗ ಇಡುತ್ತಿದ್ದಳು. ಒಳಗೆ ಇರುತ್ತಿದ್ದುದಾದರೂ ಏನು? ಗೇಣಿಯ ತಗಾದೆ, ಅಜ್ಜಿಯ ಕೆಮ್ಮು, ಅತ್ತಿಗೆಯ ಮೇಲಿನ ಒಂದು ದೂರು. ದೇಶದ್ರೋಹವಿರಲಿಲ್ಲ. ಆದರೂ ಅಗುಳಿಲ್ಲದೆ ಆಕೆ ಒಂದು ಪತ್ರವನ್ನೂ ಡಬ್ಬಿಗೆ ಹಾಕಲಿಲ್ಲ. ಪೋಸ್ಟ್ ಕಾರ್ಡ್ ಅಗ್ಗವಾಗಿದ್ದರೂ ಅದನ್ನು ಬಳಸಿದ್ದು ಶ್ರಾದ್ಧದ ದಿನ ತಿಳಿಸುವುದಕ್ಕೆ ಮಾತ್ರ. ಯಾರು ಓದಿದರೂ ಅಡ್ಡಿಯಿಲ್ಲದ ಮಾತು ಯಾವುದು, ಒಬ್ಬರೇ ಓದಬೇಕಾದ ಮಾತು ಯಾವುದು ಎಂಬ ವ್ಯತ್ಯಾಸ ಆಕೆಗೆ ಯಾವ ಸಂವಿಧಾನ ಓದದೆಯೂ ಗೊತ್ತಿತ್ತು.

ಆ ಅಗುಳಿನ ಕೆಲಸವನ್ನು ಈಗ ಗಣಿತ ಮಾಡುತ್ತಿದೆ. ಅದಕ್ಕೆ ಎನ್‌ಕ್ರಿಪ್ಷನ್ ಎನ್ನುತ್ತೇವೆ, ಪತ್ರಿಕೆಗಳು ಗೂಢಲಿಪೀಕರಣ ಎಂದು ಬರೆಯುತ್ತವೆ. ಅದರ ಹಿಂದಿನ ಉಪಾಯ 1976–77ರಲ್ಲಿ ಬಹಿರಂಗವಾಗಿ ಪ್ರಕಟವಾದದ್ದು. ಸರಳವಾಗಿ ಹೇಳುವುದಾದರೆ ಹೀಗೆ. ಬಂದರಿನ ಅಡಿಕೆ ವ್ಯಾಪಾರಿಯೊಬ್ಬ ತೆರೆದ ಬೀಗಗಳನ್ನು ಬೇಕಾದವರಿಗೆಲ್ಲ ಹಂಚಿ, ಅವುಗಳ ಕೀಲಿಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಅವನಿಗೆ ಏನಾದರೂ ಕಳುಹಿಸುವವರು ಪೆಟ್ಟಿಗೆಗೆ ಆ ಬೀಗ ಒತ್ತಿ ಕಳುಹಿಸುತ್ತಾರೆ. ಒತ್ತಿದ ಮೇಲೆ ಕಳುಹಿಸಿದವರಿಗೂ ಅದನ್ನು ತೆರೆಯಲಾಗದು, ದಾರಿಯಲ್ಲಿ ಹೊತ್ತು ತರುವ ಲಾರಿಯವನಿಗೂ ಆಗದು. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಅಳವಡಿಸಿದ್ದು ಈ ಬಗೆಯ ವ್ಯವಸ್ಥೆಯನ್ನು. ಕೀಲಿಕೈ ಹುಟ್ಟುವುದು ನಮ್ಮ ಫೋನಿನಲ್ಲಿ, ಉಳಿಯುವುದೂ ಅಲ್ಲೇ. ಪ್ರತಿ ಸಂದೇಶಕ್ಕೂ ಬೀಗ ಬದಲಾಗುತ್ತಾ ಹೋಗುತ್ತದೆ. ಕಂಪನಿ ಇಲ್ಲಿ ಲಾರಿಯವನು. ಅಮ್ಮನಿಗೆ ಈಗ ಎಂಬತ್ತೊಂದು. ದೋಹಾದಲ್ಲಿರುವ ಮೊಮ್ಮಗನಿಗೆ ಧ್ವನಿ ಸಂದೇಶ ಕಳುಹಿಸುವಾಗ ಪರದೆಯ ಮೇಲ್ಗಡೆ ಕಾಣುವ ಆ ಸೂಚನೆಯ ಸಾಲು ಏನೆಂದು ಒಮ್ಮೆ ಕೇಳಿದಳು. ನಿನ್ನ ಅಗುಳು ಎಂದೆ. ಆಕೆಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಈಗ ಸರ್ಕಾರ ಕೇಳುವುದೇನು? ಬೀಗವನ್ನು ತೆಗೆದೇ ಬಿಡಿ ಎಂದು ಯಾವ ಸರ್ಕಾರವೂ ನೇರವಾಗಿ ಹೇಳುವುದಿಲ್ಲ. ಬೀಗ ಇರಲಿ, ಅಗತ್ಯ ಬಿದ್ದಾಗ ನಮಗೆ ಮಾತ್ರ ತೆರೆಯುವಂತಿರಲಿ ಎನ್ನುತ್ತದೆ. ಇದನ್ನೇ ಹಿಂಬಾಗಿಲು ಎನ್ನುವುದು. ಅದನ್ನು ಕೂರಿಸಲು ಮೂರು ದಾರಿಗಳ ಮಾತು ಕೇಳಿಬಂದಿದೆ. ಎಲ್ಲ ಕೀಲಿಕೈಗಳ ನಕಲನ್ನು ಒಂದೆಡೆ ಇಡುವುದು ಹಳೆಯ ದಾರಿ. ಅಮೆರಿಕ 1993ರಲ್ಲಿ ಕ್ಲಿಪ್ಪರ್ ಎಂಬ ಚಿಪ್ ಮೂಲಕ ಇದನ್ನು ಮಾಡಹೊರಟಿತು. ಮರುವರ್ಷವೇ ಮ್ಯಾಟ್ ಬ್ಲೇಝ್ ಎಂಬ ವಿಜ್ಞಾನಿ ಅದರ ದೋಷವನ್ನು ತೋರಿಸಿಕೊಟ್ಟರು, ಯೋಜನೆ ಸತ್ತುಹೋಯಿತು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಅಧಿಕಾರಿಗಳು 2018ರಲ್ಲಿ ಬೇರೊಂದು ದಾರಿ ಸೂಚಿಸಿದರು: ಇಬ್ಬರ ಮಾತುಕತೆಯೊಳಗೆ ಅವರಿಗೆ ಕಾಣದಂತೆ ಮೂರನೆಯವನೊಬ್ಬನನ್ನು ಸೇರಿಸುವುದು. ಮೂರನೆಯದು, ಬೀಗ ಒತ್ತುವ ಮೊದಲೇ ಫೋನಿನೊಳಗೇ ಸಂದೇಶವನ್ನು ತಪಾಸಣೆ ಮಾಡುವುದು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಿಡಿಯಲು ಆ್ಯಪಲ್ 2021ರ ಆಗಸ್ಟ್‌ನಲ್ಲಿ ಇಂಥದ್ದೊಂದನ್ನು ಘೋಷಿಸಿ, ತಜ್ಞರ ವಿರೋಧದ ನಂತರ 2022ರ ಕೊನೆಯಲ್ಲಿ ಕೈಬಿಟ್ಟಿತು. ಉದ್ದೇಶ ಅತ್ಯಂತ ಒಳ್ಳೆಯದೇ ಆಗಿತ್ತು. ಆದರೆ ಇಂದು ಆ ಚಿತ್ರಗಳನ್ನು ಹುಡುಕುವ ಯಂತ್ರಕ್ಕೆ ನಾಳೆ ಬೇರೊಂದು ಪಟ್ಟಿ ಕೊಟ್ಟರೆ ಅದು ಅದನ್ನೂ ಹುಡುಕುತ್ತದೆ. ಪಟ್ಟಿ ಬರೆಯುವ ಕೈ ಯಾವುದೆಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಮಾಸ್ತರರ ಬಳಿ ಇದಕ್ಕೆ ಒಳ್ಳೆಯ ಮರುವಾದವಿತ್ತು. "ಬ್ಯಾಂಕಿನ ಲಾಕರಿಗೂ ಬೀಗವಿಲ್ಲವೇ? ಕೋರ್ಟು ಹೇಳಿದರೆ ಅದನ್ನು ಒಡೆದು ತೆಗೆಯುವುದಿಲ್ಲವೇ?" ಈ ವಾದ ನಮ್ಮ ಊರಿನಲ್ಲಿ ಹುಟ್ಟಬೇಕಾದದ್ದೇ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯ ಬ್ಯಾಂಕ್ ಕಟ್ಟಿದ ನಾಡಿದು. ಒಂದು ಕೀಲಿಕೈ ಬ್ಯಾಂಕಿನದು, ಒಂದು ಗ್ರಾಹಕರದು, ಎರಡೂ ಸೇರದೆ ಬಾಗಿಲು ತೆರೆಯದು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ಆದರೆ ಲಾಕರನ್ನು ಒಡೆಯುವ ಬಗೆಯನ್ನು ಗಮನಿಸಿ. ಆದೇಶ ಬರುತ್ತದೆ, ಮ್ಯಾನೇಜರ್ ಇರುತ್ತಾರೆ, ಪಂಚರು ಬರುತ್ತಾರೆ, ಪಂಚನಾಮೆ ಬರೆಯುತ್ತಾರೆ. ಕೊರೆಯುವ ಯಂತ್ರದ ಸದ್ದು ಇಡೀ ಶಾಖೆಗೆ ಕೇಳುತ್ತದೆ. ತೆರೆಯುವುದು ಒಂದೇ ಲಾಕರು, ಪಕ್ಕದ್ದಕ್ಕೆ ಗೀರೂ ಬೀಳುವುದಿಲ್ಲ. ಮುರಿದದ್ದು ಮುರಿದಂತೆ ಕಾಣುತ್ತದೆ, ಗ್ರಾಹಕನಿಗೆ ತಿಳಿಯುತ್ತದೆ, ಅವನು ಕೋರ್ಟಿಗೆ ಹೋಗಬಹುದು. ಫೋನಿನ ಹಿಂಬಾಗಿಲಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ದೇಶದ ಎಲ್ಲ ಶಾಖೆಗಳ ಎಲ್ಲ ಲಾಕರುಗಳಿಗೂ ಸಲ್ಲುವ ಒಂದು ಗುಪ್ತ ಕೀಲಿಕೈಯನ್ನು ಮೊದಲೇ ಎರೆದಿಟ್ಟಂತೆ ಅದು. ಸದ್ದಿಲ್ಲ, ಪಂಚರಿಲ್ಲ, ಗುರುತಿಲ್ಲ. ಆ ಕೀಲಿಕೈ ಕದಿಯುವವನು ಮಂಗಳೂರಿಗೆ ಬರಬೇಕಾಗಿಯೂ ಇಲ್ಲ.

ಇದು ಬರೀ ಊಹೆ ಎನ್ನುವವರಿಗೆ ಗ್ರೀಸ್ ದೇಶದ ಉದಾಹರಣೆ ಸಾಕು. ಅಲ್ಲಿನ ವೊಡಾಫೋನ್ ಜಾಲದಲ್ಲಿ, ಪೊಲೀಸರ ಕಾನೂನುಬದ್ಧ ಕದ್ದಾಲಿಕೆಗೆಂದು ಎಕ್ಸ್‌ಚೇಂಜಿನ ಸಾಫ್ಟ್‌ವೇರಿನಲ್ಲಿ ಇದ್ದ ಸೌಲಭ್ಯವನ್ನೇ ಯಾರೋ ವಶಪಡಿಸಿಕೊಂಡು, 2004–05ರಲ್ಲಿ ನೂರಕ್ಕೂ ಹೆಚ್ಚು ಮಂದಿಯ ಫೋನುಗಳನ್ನು ತಿಂಗಳುಗಟ್ಟಲೆ ಆಲಿಸಿದರು. ಅವರಲ್ಲಿ ಪ್ರಧಾನಿಯೂ ಒಬ್ಬರು. ಇನ್ನೂ ದೊಡ್ಡ ಪಾಠ ಅಮೆರಿಕದ್ದು. ಟೆಲಿಫೋನ್ ಕಂಪನಿಗಳು ತಮ್ಮ ಜಾಲದಲ್ಲಿ ಪೊಲೀಸರಿಗೆ ಕದ್ದಾಲಿಕೆಯ ಅನುಕೂಲ ಇಡಲೇಬೇಕೆಂದು ಅಲ್ಲಿ 1994ರಿಂದ ಕಾನೂನಿದೆ. ಚೀನಾದೊಂದಿಗೆ ನಂಟಿರುವ ಹ್ಯಾಕರುಗಳು ದೊಡ್ಡ ಕಂಪನಿಗಳ ಜಾಲದೊಳಗೆ ನುಗ್ಗಿ ಆ ವ್ಯವಸ್ಥೆಗೇ ಕೈಹಾಕಿದ್ದಾರೆಂಬುದು 2024ರಲ್ಲಿ ಬಯಲಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮತ್ತು ಎಫ್‌ಬಿಐ ಅಧಿಕಾರಿಗಳು, ಸಾಧ್ಯವಿದ್ದಲ್ಲೆಲ್ಲ ಗೂಢಲಿಪೀಕೃತ ಆ್ಯಪ್‌ಗಳನ್ನೇ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟರು. 2016ರಲ್ಲಿ ಸ್ಯಾನ್ ಬರ್ನಾರ್ಡಿನೊ ಹತ್ಯಾಕಾಂಡದ ಆರೋಪಿಯ ಐಫೋನಿನ ರಕ್ಷಣೆಯನ್ನು ಸಡಿಲಿಸಿಕೊಡಿ ಎಂದು ಆ್ಯಪಲ್ ಕಂಪನಿಯನ್ನು ಕೋರ್ಟಿಗೆ ಎಳೆದಿದ್ದುದೂ ಇದೇ ಎಫ್‌ಬಿಐ. ಅಂದು ಮೊಕದ್ದಮೆಯ ತೀರ್ಮಾನಕ್ಕೆ ಮೊದಲೇ ಹೊರಗಿನವರ ನೆರವಿನಿಂದ ಆ ಒಂದು ಫೋನನ್ನು ತೆರೆಸಿಕೊಂಡು ಅದು ಹಿಂದೆ ಸರಿದಿತ್ತು.

ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಮ್ಯಾಲ್ಕಂ ಟರ್ನ್‌ಬುಲ್ 2017ರಲ್ಲಿ, ಗಣಿತದ ನಿಯಮಗಳು ಶ್ಲಾಘನೀಯವೇ ಆದರೂ ಆಸ್ಟ್ರೇಲಿಯಾದಲ್ಲಿ ಅನ್ವಯವಾಗುವುದು ಆಸ್ಟ್ರೇಲಿಯಾದ ಕಾನೂನು ಮಾತ್ರ ಎಂದಿದ್ದರು. ಸಂಸತ್ತು ಬಹುಮತದಿಂದ ಠರಾವು ಮಾಡಿದರೂ ಮಲ್ಪೆಯಲ್ಲಿ ಉಬ್ಬರ ಅದರ ಹೊತ್ತಿಗೇ ಬರುತ್ತದೆ. ಒಳ್ಳೆಯವರಿಗೆ ದಾರಿ ಬಿಟ್ಟು ಕೆಟ್ಟವರನ್ನು ತಡೆಯುವ ಸಮೀಕರಣವನ್ನು ಈವರೆಗೆ ಯಾರೂ ಬರೆದಿಲ್ಲ. ಬರೆಯಲು ಒಲ್ಲೆವೆಂದು ಯಾರೂ ಹಟ ಹಿಡಿದಿಲ್ಲ, ಅದು ಆಗದ ಕೆಲಸ.

ನಮ್ಮ ದೇಶದ ಕಾನೂನಿಗೆ ಬರೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಸಂದೇಶಗಳನ್ನು ತಡೆದು ನೋಡುವ, ಗೂಢಲಿಪಿಯನ್ನು ಬಿಡಿಸಿಕೊಡಿ ಎಂದು ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಸಹಕರಿಸದಿದ್ದರೆ ಏಳು ವರ್ಷದವರೆಗೆ ಜೈಲು. 2018ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಹತ್ತು ಸಂಸ್ಥೆಗಳಿಗೆ ಈ ಅಧಿಕಾರ ಹಂಚಿತು. 2015ರಲ್ಲಿ ಬಂದ ಗೂಢಲಿಪೀಕರಣ ನೀತಿಯ ಕರಡು ಇನ್ನೂ ಮುಂದೆ ಹೋಗಿತ್ತು. ನಾಗರಿಕರು ತಮ್ಮ ಸಂದೇಶಗಳ ಬಿಡಿಸಿದ ಪ್ರತಿಯನ್ನು 90 ದಿನ ಇಟ್ಟುಕೊಂಡು ಕೇಳಿದಾಗ ತೋರಿಸಬೇಕು ಎಂದು ಅದರಲ್ಲಿತ್ತು. ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಎರಡು ವರ್ಷಗಳ ನಂತರ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಈಗಿನ ಜಗಳ ಹುಟ್ಟಿದ್ದು 2021ರ ಫೆಬ್ರುವರಿ 25ರಂದು ಪ್ರಕಟವಾದ ಐಟಿ ನಿಯಮಗಳಿಂದ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು, ಆದೇಶ ಬಂದಾಗ ಒಂದು ಸಂದೇಶವನ್ನು ದೇಶದಲ್ಲಿ ಮೊದಲು ಹೊರಡಿಸಿದವರು ಯಾರೆಂದು ಗುರುತಿಸಿಕೊಡಬೇಕು ಎನ್ನುತ್ತದೆ 4(2)ನೇ ನಿಯಮ. ಇದರ ಹಿಂದೆ ನಿಜವಾದ ನೋವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನಲ್ಲಿದ್ದ ಹೈದರಾಬಾದಿನ ಯುವಕನನ್ನು ಮಕ್ಕಳ ಕಳ್ಳನೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಜನ ಕೊಂದುಹಾಕಿದರು. ಆ ವದಂತಿ ಹುಟ್ಟಿಸಿದವರು ಯಾರೆಂದು ಕೇಳುವುದು ತಪ್ಪೇ? ಖಂಡಿತ ಅಲ್ಲ. ನಿಯಮವೂ ತನಗೆ ತಾನೇ ಕೆಲವು ಗೆರೆ ಎಳೆದುಕೊಂಡಿದೆ. ಗಂಭೀರ ಅಪರಾಧಗಳಿಗೆ ಮಾತ್ರ ಅನ್ವಯ, ಬೇರೆ ಸೌಮ್ಯ ಮಾರ್ಗವಿದ್ದರೆ ಇದನ್ನು ಬಳಸುವಂತಿಲ್ಲ, ಸಂದೇಶದ ಒಳಗಿನದ್ದನ್ನು ಕೊಡಬೇಕಾಗಿಲ್ಲ.

ಆದರೆ ಯಾವ ಸಂದೇಶದ ಬಗ್ಗೆ ನಾಳೆ ಪ್ರಶ್ನೆ ಬರುತ್ತದೆಂದು ಇಂದು ಗೊತ್ತಿಲ್ಲದ ಮೇಲೆ, ಎಲ್ಲರ ಎಲ್ಲ ಸಂದೇಶಗಳಿಗೂ ಗುರುತಿನ ಚೀಟಿ ಅಂಟಿಸುತ್ತಾ ಹೋಗಬೇಕಾಗುತ್ತದೆ. ಒಬ್ಬ ಅಪರಾಧಿಯನ್ನು ಹಿಡಿಯಲು ಅಮ್ಮನ ಪ್ರತಿ ಪತ್ರಕ್ಕೂ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡಂತೆ. 2021ರ ಹೊತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ ದೇಶದಲ್ಲಿ 53 ಕೋಟಿ ವಾಟ್ಸ್‌ಆ್ಯಪ್ ಬಳಕೆದಾರರಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಗೂಢಲಿಪೀಕರಣವನ್ನು ಮುರಿಯಿರಿ ಎಂದರೆ ವಾಟ್ಸ್‌ಆ್ಯಪ್ ಹೊರಟುಹೋಗುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಅಲ್ಲಿ ಹೇಳಿದರು. ಆ ಕಂಪನಿಯ ಬಗ್ಗೆ ನನಗೆ ಭಕ್ತಿಯಿಲ್ಲ. ಯಾರು ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡುತ್ತಾರೆಂಬ ಮಾಹಿತಿಯನ್ನು ಒಟ್ಟುಮಾಡುವ ಜಾಹೀರಾತು ವ್ಯಾಪಾರಿ ಅದರ ಒಡೆಯ. ಈ ಒಂದು ವಿಷಯದಲ್ಲಿ ಮಾತ್ರ ಅದರ ಲಾಭವೂ ನಮ್ಮ ಹಕ್ಕೂ ಒಂದೇ ದೋಣಿಯಲ್ಲಿವೆ.

ಈ ನಿಯಮದಲ್ಲಿ ನಮ್ಮ ಕರಾವಳಿಯವರು ಎರಡು ಸಲ ಓದಬೇಕಾದ ಒಂದು ಸಾಲಿದೆ. ಸಂದೇಶವನ್ನು ಮೊದಲು ಹೊರಡಿಸಿದವರು ಭಾರತದ ಹೊರಗಿದ್ದರೆ, ಭಾರತದೊಳಗೆ ಅದನ್ನು ಮೊದಲು ಕಳುಹಿಸಿದವರನ್ನೇ ಮೂಲ ವ್ಯಕ್ತಿಯೆಂದು ಪರಿಗಣಿಸಬೇಕಂತೆ. ಬೇರೆ ಜಿಲ್ಲೆಗಳಿಗೆ ಇದು ಅಷ್ಟು ದೊಡ್ಡ ವಿಷಯವಾಗದಿರಬಹುದು. ಆದರೆ ಮನೆಗೊಬ್ಬರು ದುಬೈ, ಕುವೈತ್, ದಮ್ಮಾಮ್, ಮಸ್ಕತ್‌ಗಳಲ್ಲಿ ಇರುವ ಊರು ನಮ್ಮದು. ಕುವೈತಿನಲ್ಲಿರುವ ಅಣ್ಣ ಯಾವುದೋ ಗುಂಪಿನಲ್ಲಿ ಬಂದ ವಿಡಿಯೊವನ್ನು "ಇದು ನಿಜವೇ ನೋಡು" ಎಂದು ಕಾಪುವಿನಲ್ಲಿರುವ ತಂಗಿಗೆ ಕಳುಹಿಸುತ್ತಾನೆ. ಆಕೆ ಅದನ್ನು ಕುಟುಂಬದ ಗುಂಪಿಗೆ ಹಾಕಿ ಅದೇ ಪ್ರಶ್ನೆ ಕೇಳುತ್ತಾಳೆ. ಹತ್ತು ಕೈ ದಾಟಿ ಅದು ಎಲ್ಲೋ ಬೆಂಕಿ ಹಚ್ಚುತ್ತದೆ. ದಾಖಲೆಯಲ್ಲಿ ದೇಶದೊಳಗಿನ ಮೊದಲ ಹೆಸರು ಆ ತಂಗಿಯದು. ವಿಡಿಯೊ ತಯಾರಿಸಿದವನು, ಅದನ್ನು ಬೇಕೆಂದೇ ಹೊರದೇಶದ ಸಂಖ್ಯೆಯಿಂದ ಹರಿಯಬಿಟ್ಟವನು, ಆರಾಮವಾಗಿರುತ್ತಾನೆ. ಕಾಪಿ ಮಾಡಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ ಸರಪಣಿ ಅಲ್ಲಿಂದಲೇ ಹೊಸದಾಗಿ ಶುರುವಾಗುತ್ತದೆ ಎಂಬುದು ಕಿಡಿಗೇಡಿಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಆ ತಂಗಿಗೆ.

ಗಂಭೀರ ಅಪರಾಧಕ್ಕೆ ಮಾತ್ರ ಎಂಬ ಗೆರೆ ಎಷ್ಟು ಗಟ್ಟಿ? ತ್ರಿಪುರಾದಲ್ಲಿ ಮುಖ್ಯಮಂತ್ರಿಯ ರಾಜೀನಾಮೆ ಪತ್ರವೆಂದು ಹರಿದಾಡಿದ ನಕಲಿ ಸಂದೇಶದ ಮೂಲ ಪತ್ತೆಗೂ ಕೆಳಗಿನ ನ್ಯಾಯಾಲಯ ಇದೇ ನಿಯಮದಡಿ ಆದೇಶಿಸಿತ್ತು. 2023ರಲ್ಲಿ ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

"ನಮ್ಮ ಗುಟ್ಟು ಯಾರಿಗೆ ಬೇಕು" ಎಂದಿದ್ದರಲ್ಲ ಮಾಸ್ತರರು, ಆ ಮಾತಿಗೆ ಬರುತ್ತೇನೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವರು ಮಾತ್ರ ಖಾಸಗಿತನ ಕೇಳುತ್ತಾರೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಆದರೆ ಗುಟ್ಟು ಬಯಲಾದರೆ ಪೆಟ್ಟು ತಿನ್ನುವವರು ಯಾರೆಂದು ಈ ಜಿಲ್ಲೆಯಲ್ಲಿ ಬದುಕುವವರು ಕೇಳಬೇಕಾಗಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳನ್ನು ಕೆಳಗಿಳಿಸಿ, ಹೆಸರು ಕೇಳಿ ಹೊಡೆದದ್ದನ್ನು ನಾವು ಒಂದು ಸಲವಲ್ಲ, ಹಲವು ಸಲ ಓದಿದ್ದೇವೆ. 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದರು. 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಕೈಮಾಡಿದರು. ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂಬ ಮಾಹಿತಿಯೇ ಇಲ್ಲಿ ಆಯುಧ. ಆ ಮಾಹಿತಿಯನ್ನು ಒಂದೆಡೆ ರಾಶಿ ಹಾಕಿದರೆ, ಅದನ್ನು ಕಾಯುವ ನೂರು ಮಂದಿಯಲ್ಲಿ ಒಬ್ಬನು ಬಾಯಿಬಿಟ್ಟರೂ ಒಂದು ಹುಡುಗಿಯ ಬದುಕು ಮುಗಿಯುತ್ತದೆ. ಆ ನೂರನೆಯವನು ಇರುವುದೇ ಇಲ್ಲ ಎಂದು ಪ್ರಮಾಣ ಮಾಡಬಲ್ಲ ಅಧಿಕಾರಿ ಯಾರಿದ್ದಾರೆ?

ಇನ್ನು ಅಧಿಕಾರದ ದುರುಪಯೋಗ. ಅದಕ್ಕೆ ಕರ್ನಾಟಕದವರು ಹೊರಗಿನ ಪಾಠ ಓದಬೇಕಾಗಿಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಮೇಲೆ. 2019ರ ಆಗಸ್ಟ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರ, ಹಿಂದಿನ ಮೈತ್ರಿ ಸರ್ಕಾರದ ಕಾಲದ ಕದ್ದಾಲಿಕೆ ಆರೋಪವನ್ನು ಸಿಬಿಐಗೆ ವಹಿಸಿತು. 2021ರಲ್ಲಿ ಪೆಗಾಸಸ್ ಕುತಂತ್ರಾಂಶದ ಸಂಭವನೀಯ ಗುರಿಗಳೆಂದು ಮಾಧ್ಯಮಗಳು ಪ್ರಕಟಿಸಿದ ಪಟ್ಟಿಯಲ್ಲಿ ಆ ಮೈತ್ರಿ ಸರ್ಕಾರದವರ ಫೋನ್ ಸಂಖ್ಯೆಗಳೂ ಇದ್ದವೆಂದು ವರದಿಯಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿ ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ನ್ಯಾಯಪೀಠವೇ ತಿಳಿಸಿತು. ಈ ಮಾತುಗಳನ್ನು ಒಂದು ಪಕ್ಷದ ಮೇಲೆ ಹೊರಿಸಲು ಹೇಳುತ್ತಿಲ್ಲ. ಆರೋಪಗಳು ಎಲ್ಲ ದಿಕ್ಕಿಗೂ ಹಾರಿವೆ. ಇಂದು ನೀವು ನಂಬುವ ಸರ್ಕಾರದ ಕೈಗೆ ಕೊಟ್ಟ ಕೀಲಿಕೈ ನಾಳೆ ನೀವು ನಂಬದವರ ಕೈಗೆ ಹೋಗುತ್ತದೆ.

ಹಾಗಾದರೆ ಪೊಲೀಸರು ಕೈಕಟ್ಟಿ ಕೂರಬೇಕೇ? 2025ರ ಜನವರಿಯಲ್ಲಿ ಕೋಟೆಕಾರಿನ ಸಹಕಾರಿ ಬ್ಯಾಂಕಿನ ಕೆ.ಸಿ. ರೋಡ್ ಶಾಖೆಗೆ ಹಾಡಹಗಲೇ ನುಗ್ಗಿ ಚಿನ್ನ ದೋಚಿದವರನ್ನು ಮಂಗಳೂರು ಪೊಲೀಸರು ಕೆಲವೇ ದಿನಗಳಲ್ಲಿ ತಮಿಳುನಾಡಿನಲ್ಲಿ ಹಿಡಿದರು. 2022ರ ನವೆಂಬರ್ 19ರಂದು ನಾಗುರಿಯಲ್ಲಿ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿದಾಗ, ಬೇರೊಬ್ಬರ ಆಧಾರ್ ಕಾರ್ಡು, ಮೈಸೂರಿನ ಬಾಡಿಗೆ ಕೋಣೆ ಹೀಗೆ ಎಳೆ ಹಿಡಿದು ತನಿಖೆ ಸಾಗಿತು. ಕ್ಯಾಮೆರಾ, ಕರೆಗಳ ವಿವರ, ಟವರ್ ದಾಖಲೆ, ಬ್ಯಾಂಕ್ ಖಾತೆ, ಮಾಹಿತಿದಾರರು ಇವೆಲ್ಲ ಬೀಗ ಮುರಿಯದೆ ಸಿಗುವ ದಾರಿಗಳು. ವಾಟ್ಸ್‌ಆ್ಯಪ್ ಚಾಟ್‌ಗಳು ಆರೋಪಪಟ್ಟಿಗಳಲ್ಲಿ ಕಾಣಿಸಿಕೊಳ್ಳುವುದೂ ಗಣಿತವನ್ನು ಮುರಿದಲ್ಲ. ವಶಪಡಿಸಿಕೊಂಡ ಫೋನಿನಿಂದ, ಇಲ್ಲವೇ ಗುಂಪಿನಲ್ಲೇ ಇದ್ದವರೊಬ್ಬರು ಕೊಟ್ಟ ಪ್ರತಿಯಿಂದ. ಫೋನನ್ನು ಹೇಗೆ ವಶಪಡಿಸಿಕೊಳ್ಳಬೇಕು, ಯಾವಾಗ ವಾರಂಟ್ ಬೇಕು ಎಂಬುದಕ್ಕೆ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಪಾಸ್‌ವರ್ಡ್ ಹೇಳಿಸುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಾಗುವುದಿಲ್ಲ ಎಂಬ ಅದರ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೂ ಅಲ್ಲಿ ಲಾಕರು ಒಡೆಯುವ ನ್ಯಾಯವಿದೆ: ಒಂದು ಪ್ರಕರಣ, ಒಂದು ಫೋನು, ಒಂದು ಆದೇಶ.

'ಡಿಜಿಟಲ್ ಅರೆಸ್ಟ್' ಹೆಸರಿನಲ್ಲಿ ಮಂಗಳೂರು, ಉಡುಪಿಯ ಎಷ್ಟೋ ಹಿರಿಯರು ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ. ವಂಚಕರು ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲೇ ಬರುತ್ತಾರೆ, ನಿಜ. ಆದರೆ ಅಲ್ಲಿ ನಡೆದ ಮಾತನ್ನೆಲ್ಲ ಹೇಳಲು ನೊಂದವರೇ ಮುಂದೆ ಕುಳಿತಿರುತ್ತಾರೆ. ಪತ್ತೆಯಾಗಬೇಕಾದದ್ದು ಹಣ ಹರಿದ ಬಾಡಿಗೆ ಖಾತೆಗಳು. ಸೈಬರ್ ವಂಚನೆಯ ದೂರು ಕೊಡುವ 1930 ಸಂಖ್ಯೆಗೆ ಕರೆ ಹೋದ ಮೊದಲ ಗಂಟೆಗಳಲ್ಲಿ ಖಾತೆ ತಡೆಹಿಡಿದರೆ ಹಣ ಉಳಿಯುತ್ತದೆ. ಆ ಕೆಲಸಕ್ಕೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿಗೆ ತರಬೇತಾದ ಸಿಬ್ಬಂದಿ ಬೇಕು, ಬ್ಯಾಂಕುಗಳ ಚುರುಕು ಬೇಕು.

ಇದನ್ನೆಲ್ಲ ಹೇಳಿಯೂ ಒಂದು ಸತ್ಯ ಒಪ್ಪಿಕೊಳ್ಳಬೇಕು. ಗೂಢಲಿಪಿಯ ಕಾರಣದಿಂದಲೇ ಬಿಡಿಸಲಾಗದೆ ಉಳಿಯುವ ಪ್ರಕರಣಗಳು ಇರುತ್ತವೆ. ಒಂದು ಮಗುವಿನ ಮೇಲಿನ ದೌರ್ಜನ್ಯ, ಒಂದು ಕೊಲೆಯ ಸಂಚು ಅದರಲ್ಲಿ ಇರಬಹುದು. ಅದು ಸಣ್ಣ ಬೆಲೆಯಲ್ಲ, ನೊಂದವರ ಎದುರು ನಿಂತು ಹೇಳಲು ನನಗೆ ಧೈರ್ಯ ಸಾಲದ ಬೆಲೆ. ಆದರೆ ಹಿಂಬಾಗಿಲು ಇಟ್ಟರೆ ಅವರು ಸಿಗುತ್ತಾರೆಯೇ? 2023ರ ಮೇ ತಿಂಗಳಲ್ಲಿ ಕಾಶ್ಮೀರದ ಉಗ್ರರು ಬಳಸುತ್ತಾರೆಂದು ಸರ್ಕಾರ 14 ಸಂದೇಶ ಆ್ಯಪ್‌ಗಳನ್ನು ನಿರ್ಬಂಧಿಸಿತು. ಅವುಗಳಲ್ಲಿ ಬ್ರಯರ್, ಎಲಿಮೆಂಟ್‌ನಂಥ ಕೆಲವು ಒಂದು ಕಂಪನಿಯ ಹಂಗಿಗೆ ಕಟ್ಟುಬಿದ್ದವಲ್ಲ. ಅವುಗಳ ಸೋರ್ಸ್ ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ವಾಟ್ಸ್‌ಆ್ಯಪ್ ಸಡಿಲವಾದ ದಿನ ಸಂಚುಕೋರ ಅಲ್ಲಿಗೆ ಹೋಗುತ್ತಾನೆ. ಸಡಿಲ ಬೀಗದ ಹಿಂದೆ ಉಳಿಯುವುದು ನಮ್ಮ ಮನೆಯವರು, ವಕೀಲರು, ವೈದ್ಯರು, ವರದಿಗಾರರು.

ಸಂಪರ್ಕವನ್ನೇ ಕಡಿದರೆ ಏನಾಗುತ್ತದೆಂದೂ ಮಂಗಳೂರು ನೋಡಿದೆ. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆಯ ಪ್ರತಿಭಟನೆಯ ವೇಳೆ ಗೋಲಿಬಾರಿನಲ್ಲಿ ಇಬ್ಬರು ಸತ್ತರು, ಅಂದು ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಂತಿತು. ವದಂತಿ ನಿಲ್ಲಲಿಲ್ಲ. ಯಾರ ಮಗ ಎಲ್ಲಿದ್ದಾನೆಂದು ತಿಳಿಯದೆ ಬಾಯಿಂದ ಬಾಯಿಗೆ ಹಬ್ಬಿತು. ಸುಳ್ಳನ್ನು ಅಲ್ಲಗಳೆಯಲು ಇದ್ದ ದಾರಿ ಮಾತ್ರ ಮುಚ್ಚಿತ್ತು. ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಮರುತಿಂಗಳು, ಕಾಶ್ಮೀರದ ಪ್ರಕರಣದಲ್ಲಿ ಹೇಳಿತು.

ಒತ್ತಡ ಈಗ ಬೇರೆ ಬೇರೆ ಬಾಗಿಲುಗಳಿಂದ ಬರುತ್ತಿದೆ. ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂಬ ಆದೇಶ 2025ರ ಡಿಸೆಂಬರ್ ಆರಂಭದಲ್ಲಿ ಹೊರಬಿದ್ದು, ವಿರೋಧ ಎದ್ದ ಮೇಲೆ ಮೂರೇ ದಿನಗಳಲ್ಲಿ ಹಿಂದೆ ಸರಿಯಿತು. ಸಂದೇಶ ಆ್ಯಪ್‌ಗಳು ಫೋನಿನಲ್ಲಿ ಇರುವ ಸಿಮ್‌ಗೆ ಸದಾ ಬೆಸೆದುಕೊಂಡಿರಬೇಕೆಂಬ ಸೂಚನೆಯೂ ಅದೇ ಹೊತ್ತಿಗೆ ಬಂದದ್ದು. ಊರಿನ ಸಂಖ್ಯೆಯಲ್ಲಿ ವಾಟ್ಸ್‌ಆ್ಯಪ್ ಇಟ್ಟುಕೊಂಡು ಗಲ್ಫಿನ ಸಿಮ್ ಬಳಸುವವರ ಮನೆಗಳಲ್ಲಿ ಅದು ಏನು ಮಾಡುತ್ತದೆಂದು ಯಾರೂ ಕೇಳಿದಂತಿಲ್ಲ. ಹೊಸ ಆದಾಯ ತೆರಿಗೆ ಕಾಯ್ದೆಯ 247ನೇ ಸೆಕ್ಷನ್, ಶೋಧದ ವೇಳೆ ಇಮೇಲ್, ಸಾಮಾಜಿಕ ಜಾಲತಾಣಗಳಂಥ ಖಾತೆಗಳ ಪ್ರವೇಶ ಸಂಕೇತವನ್ನು ಮೀರಿ ಒಳಹೋಗುವ ಅಧಿಕಾರವನ್ನು ಅಧಿಕಾರಿಗೆ ಕೊಡುತ್ತದೆ. ಅಂಚೆಯೂ ಹೊರತಲ್ಲ. ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಯನ್ನು 1986ರಲ್ಲಿ ಸಂಸತ್ತು ಒಪ್ಪಿದಾಗ ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡರು, ಅದು ಕಾನೂನಾಗಲೇ ಇಲ್ಲ. 2023ರ ಅಂಚೆ ಕಾಯ್ದೆ ಅಂಚೆಯನ್ನು ತಡೆಯುವ, ತೆರೆಯುವ ಅಧಿಕಾರದೊಂದಿಗೆ ಹೆಚ್ಚಿನ ಗದ್ದಲವಿಲ್ಲದೆ ಬಂದಿತು. ಅಮ್ಮನ ಕಾಲದಲ್ಲಿ ಒಬ್ಬ ರಾಷ್ಟ್ರಪತಿಯ ಲೇಖನಿಯನ್ನು ತಡೆದ ವಿಷಯ ನಮ್ಮ ಕಾಲದಲ್ಲಿ ಮುಖಪುಟಕ್ಕೂ ಬರಲಿಲ್ಲ.

ಮಾಸ್ತರರಿಗೆ ಈ ಲೇಖನ ತೋರಿಸಿದಾಗ ಅವರು ಕೇಳಿದ್ದು ಒಂದೇ: "ಹಾಗಾದರೆ ನೀವು ಏನನ್ನು ಕೇಳುತ್ತೀರಿ?" ನಾನು ಕೇಳುವುದು ಈಗಿರುವ ಅಧಿಕಾರಕ್ಕೆ ಒಬ್ಬ ನ್ಯಾಯಾಧೀಶರ ಸಹಿ. ಇಂದು ಕದ್ದಾಲಿಕೆಯ ಆದೇಶಕ್ಕೆ ಸಹಿ ಹಾಕುವವರು ಗೃಹ ಕಾರ್ಯದರ್ಶಿ. ಅದನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷರು ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ. ಎಲ್ಲರೂ ಒಂದೇ ಮನೆಯವರು. ಕೇಂದ್ರವೊಂದೇ ತಿಂಗಳಿಗೆ 7,500ರಿಂದ 9,000 ಫೋನ್ ಕದ್ದಾಲಿಕೆ ಆದೇಶ ಹೊರಡಿಸುತ್ತದೆಂದು ಮಾಹಿತಿ ಹಕ್ಕಿನಡಿ ದೊರೆತ ಉತ್ತರವೊಂದು ಹೇಳಿತ್ತು. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿ ಪ್ರತಿ ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ನೋಡಬೇಕಾಗುತ್ತದೆಂದು ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಲೆಕ್ಕ ಹಾಕಿ ತೋರಿಸಿತು. ಮಾಸ್ತರರು ಗಣಿತ ಕಲಿಸುತ್ತಿದ್ದವರು. ಕಾಗದವೊಂದರ ಹಿಂಬದಿಯಲ್ಲಿ ಭಾಗಿಸಿ ನೋಡಿದರು. ಸಭೆ ಎಂಟು ಗಂಟೆ ನಡೆದರೂ ಒಂದು ಆದೇಶಕ್ಕೆ ಎರಡು ಸೆಕೆಂಡು ಸಿಗುವುದಿಲ್ಲ.